ಗೇಟಿನವರ ಕಥೆಯನ್ನೂ ಬರೆ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ಕಳಿಸಿದ ಕರಡನ್ನು ಪೂರ್ತಿ ಓದಿದೆ. ಲಿವರ್‌ಪೂಲ್ ಹತ್ತಿರದ ಆ ಬಂಗಲೆಯ ಚರಿತ್ರೆಗೆ ತುಂಬಾ ಕಷ್ಟಪಟ್ಟಿದ್ದೀಯ. ಕಂಬ, ಕಿಟಕಿ, ಮಹಡಿ ಮೆಟ್ಟಿಲು, ಯಜಮಾನರ ವಂಶ ಎಲ್ಲಾ ಇದೆ. ಆದರೆ ಗೇಟ್ ಕಾಯುವ ಹಿರಿಯರ ಬಗ್ಗೆ ಒಂದೇ ಸಾಲು: ‘ಬಹಳ ವರ್ಷಗಳಿಂದ ಇಲ್ಲಿದ್ದಾರೆ.’ ಇಷ್ಟೇನಾ? ಅವರ ಅಪ್ಪ, ತಾತ ಕೂಡ ಅದೇ ಗೇಟ್ ಕಾಯುತ್ತಿದ್ದರು ಅಂತ ಫೋನಿನಲ್ಲಿ ನೀನೇ ಹೇಳಿದ್ದೆ. ಅಷ್ಟು ಗೊತ್ತಿದ್ದೂ ಬಿಟ್ಟಿದ್ದೀಯಲ್ಲ ಅಂತ ಬೇಜಾರಾಯಿತು.

ಬಿಡುವು ಮಾಡಿಕೊಂಡು ವೇಲ್ಸ್‌ನ ರೆಕ್ಸಮ್ ಪಕ್ಕದ ಎರ್ದಿಗ್ ಬಂಗಲೆ ನೋಡಿ ಬಾ. ನಿನಗೆ ದೂರವೇನಲ್ಲ. 1680ರ ದಶಕದಲ್ಲಿ ಅದನ್ನು ಕಟ್ಟಿಸಿದವನು ಸಾಲದಲ್ಲಿ ಮುಳುಗಿದ. ಜಾರ್ಜ್ ದೊರೆಗಳ ಕಾಲದಲ್ಲಿ ಮನೆ ಬೆಳೆಯಿತು. 1733ರಿಂದ 1973ರವರೆಗೆ ಯಾರ್ಕ್ ಮನೆತನದವರ ಕೈಯಲ್ಲಿತ್ತು. ಅವರಲ್ಲಿ ಫಿಲಿಪ್ ಯಾರ್ಕ್ ಎಂಬಾತ 1790ರ ದಶಕದಲ್ಲಿ ತನ್ನ ಕೆಲಸದವರ ಚಿತ್ರ ಬರೆಸಿದ. ಬಡಗಿ, ಕಮ್ಮಾರ, ಅಡುಗೆಮನೆ ಆಳು, ಹೀಗೆ ಒಬ್ಬೊಬ್ಬರನ್ನೇ ನಿಲ್ಲಿಸಿ, ಒಬ್ಬೊಬ್ಬರ ಮೇಲೂ ತಾನೇ ಪದ್ಯ ಕಟ್ಟಿದ. ಜೇನ್ ಎಬ್ರೆಲ್ ಎಂಬ ಮನೆಗೆಲಸದಾಕೆಯ ಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಲ್ಲು. ಆಗ ಆಕೆಗೆ 87 ವರ್ಷ. ಮನೆಯ ಜೇಡರ ಬಲೆ ತೆಗೆಯುವುದು ಅವಳ ಕೆಲಸವಾಗಿತ್ತು ಅಂತ ಪದ್ಯದಲ್ಲೇ ಇದೆ. ಆ ಕಾಲದಲ್ಲಿ ಇಂಥ ಕೆಲಸದವಳನ್ನು ಹೆಸರು ಹಿಡಿದು ಗೋಡೆಗೆ ಏರಿಸಿದವರು ತುಂಬಾ ಕಮ್ಮಿ. ಈಗ ಆ ಮನೆ ಹಳೆಯ ಮನೆ, ತೋಟಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯ ಕೈಯಲ್ಲಿದೆ. ಜನರನ್ನು ಮುಂಬಾಗಿಲಿನಿಂದಲ್ಲ, ಬಡಗಿ ಕೆಲಸದ ಕೋಣೆ, ಕುದುರೆ ಲಾಯ, ಅಡುಗೆಮನೆಗಳ ಕಡೆಯಿಂದ ಒಳಗೆ ಬಿಡುವ ಪದ್ಧತಿಯನ್ನು ಅವರು ಶುರುಮಾಡಿದರು. ನನಗೆ ಅದು ಬಹಳ ಸರಿ ಅನ್ನಿಸುತ್ತದೆ.

ಆದರೂ ಆ ಪದ್ಯಗಳಲ್ಲಿ ಮಾತಾಡುವುದು ಯಜಮಾನನೇ ಅಲ್ವಾ? ಜೇನ್ ಮನಸ್ಸಿನಲ್ಲಿ ಏನಿತ್ತೋ ಅವಳ ಬಾಯಿಂದ ಬಂದಿಲ್ಲ. ನಿನ್ನ ಗೇಟಿನವರಾದರೋ ದಿನಾ ಕಣ್ಣೆದುರಿಗೆ ಇದ್ದಾರೆ. ಹೋಗಿ ಕೂತು ಕೇಳು.

ಅದಕ್ಕೆ ಮೊದಲು ಸ್ವಲ್ಪ ದಾಖಲೆ ನೋಡಿಕೋ. ದಾಖಲೆ ಕೋಣೆಯಲ್ಲೇ ವಯಸ್ಸು ಕಳೆದವಳು ಹೇಳುತ್ತಿದ್ದೇನೆ. ಇಂಗ್ಲೆಂಡಿನಲ್ಲಿ 1841ರಿಂದ ಹತ್ತು ವರ್ಷಕ್ಕೊಮ್ಮೆ ಜನಗಣತಿಯಲ್ಲಿ ಮನೆಮನೆಯವರ ಹೆಸರು ಬರೆದಿದ್ದಾರೆ. 1851ರಿಂದ ಹುಟ್ಟಿದ ಊರೂ ಸಿಗುತ್ತದೆ. ಬಂಗಲೆಯವರ ಪುಟ ನೋಡಿ ಸುಮ್ನೆ ಮುಚ್ಚಿಬಿಡಬೇಡ. ಗೇಟಿನ ಪಕ್ಕದ ಪುಟ್ಟ ಮನೆಯನ್ನು ಬೇರೆ ಸಂಸಾರವಾಗಿ ಬರೆದಿರುತ್ತಾರೆ. ಗಂಡ ತೋಟದ ಕೆಲಸಕ್ಕೆ ಹೋದರೆ ಗಾಡಿ ಬಂದಾಗ ಓಡಿಬಂದು ಗೇಟ್ ತೆಗೆಯುತ್ತಿದ್ದವಳು ಎಷ್ಟೋ ಕಡೆ ಹೆಂಡತಿ. ಆದರೆ ಅವಳ ಹೆಸರಿನ ಮುಂದೆ ಕೆಲಸದ ಕಾಲಂ ಖಾಲಿ ಇರಬಹುದು. ಅದನ್ನು ಗಮನಿಸು. 1921ರವರೆಗಿನದು ಈಗ ನೋಡಲು ಸಿಗುತ್ತದೆ. 1931ರದ್ದು 1942ರಲ್ಲಿ ಬೆಂಕಿಗೆ ಹೋಯಿತು, 1941ರಲ್ಲಿ ಯುದ್ಧ ಅಂತ ಗಣತಿಯೇ ಆಗಲಿಲ್ಲ. ಹಾಗಾಗಿ 1939ರಲ್ಲಿ ಯುದ್ಧ ಶುರುವಾದಾಗ ಮನೆಮನೆಯವರ ಹೆಸರು ಬರೆದುಕೊಂಡ ನೋಂದಣಿ ಪುಸ್ತಕ ಬಿಡಬೇಡ. ಅವರ ತಾತ ಅಲ್ಲಿ ಸಿಕ್ಕಾರು.

ಮಾತಿಗೆ ಕೂತಾಗ ‘ನಿಮ್ಮ ಅನುಭವ ಹೇಳಿ’ ಅನ್ನಬೇಡ. ಹಾಗೆ ಕೇಳಿದರೆ ಯಾರಿಗೂ ಏನೂ ನೆನಪಾಗುವುದಿಲ್ಲ. ರಾತ್ರಿ ಗೇಟ್ ಎಷ್ಟು ಹೊತ್ತಿಗೆ ಹಾಕುತ್ತಿದ್ದಿರಿ, ಬೀಗದ ಕೈ ಎಲ್ಲಿ ತೂಗುಹಾಕುತ್ತಿದ್ದಿರಿ, ಹಾಲಿನವರು ಯಾವ ಗೇಟಿನಿಂದ ಬರುತ್ತಿದ್ದರು, ಹಿಮ ಬಿದ್ದಾಗ ದಾರಿ ಯಾರು ಬಿಡಿಸುತ್ತಿದ್ದರು ಅಂತ ಕೇಳು. ಇಸವಿ ತಪ್ಪು ಹೇಳಿದರೆ ಅಲ್ಲೇ ತಿದ್ದಬೇಡ, ಮನೆಗೆ ಬಂದು ದಾಖಲೆ ಜೊತೆ ತಾಳೆ ನೋಡು. ಇಸವಿ ಮರೆತರೂ, ಕೈಯಾರೆ ಮಾಡಿದ ಕೆಲಸ ಜನ ಬೇಗ ಮರೆಯುವುದಿಲ್ಲ.

ಇನ್ನೊಂದು ಮಾತು. ಅವರು ಇವತ್ತಿಗೂ ಅಲ್ಲೇ ಸಂಬಳ ತಗೊಳ್ಳುವವರು. ಯಜಮಾನರ ಬಗ್ಗೆ ಏನಾದರೂ ಬಾಯ್ತಪ್ಪಿ ಬಂದರೆ ಅದು ಅವರಿಗೇ ಮುಳುವಾಗಬಹುದು. ಹೆಸರು ಹಾಕಬಹುದಾ ಅಂತ ಮೊದಲೇ ಕೇಳು. ಬರೆದಾದ ಮೇಲೆ ಎದುರಿಗೆ ಕೂತು ಓದಿ ಹೇಳು. ಬೇಡ ಅಂದ ಸಾಲನ್ನು ಎಷ್ಟೇ ಚೆನ್ನಾಗಿದ್ದರೂ ತೆಗೆದುಬಿಡು.

ಇಂತಿ ನಿನ್ನ,
ದೊಡ್ಡಮ್ಮ