ಫಾರಂ ತಗೊಳ್ಳುವಾಗಲೇ ಹೇಳಬಾರದಿತ್ತೇ?

ಮಾನ್ಯ ಸಂಪಾದಕರಿಗೆ,

ನನ್ನ ದೊಡ್ಡ ಮಗಳು ಹಾಸನದ ಒಂದು ಕಾಲೇಜಿನಲ್ಲಿ ಎರಡನೇ ವರ್ಷದ ಬಿ.ಕಾಂ. ಓದುತ್ತಿದ್ದಾಳೆ. ಹೋದ ವರ್ಷ ಸೇರಿದ ಹೊಸತರಲ್ಲೇ ಎನ್‌ಸಿಸಿಗೂ ಹೆಸರು ಕೊಟ್ಟಳು, ಎನ್‌ಎಸ್‌ಎಸ್‌ಗೂ ಕೊಟ್ಟಳು. ಎರಡೂ ಫಾರಂಗೆ ನಾನೇ ಸಹಿ ಹಾಕಿದ್ದೆ. ಯಾರೂ ಏನೂ ಅನ್ನಲಿಲ್ಲ. ಒಂದು ದಿನ ಪರೇಡ್, ಇನ್ನೊಂದು ದಿನ ಶ್ರಮದಾನ. ಅರಕಲಗೂಡು ಕಡೆಯ ಹಳ್ಳಿಯಲ್ಲಿ ಏಳು ದಿನ ಕ್ಯಾಂಪಿನಲ್ಲಿದ್ದು, ಕಲ್ಯಾಣಿಯ ಹೂಳೆತ್ತಿ, ಅಂಗೈ ತುಂಬ ಬೊಬ್ಬೆ ಎಬ್ಬಿಸಿಕೊಂಡು ಬಂದಳು. ಖಾಕಿ ಬಟ್ಟೆಗೆ ಗಂಜಿ ಹಾಕಿ ಇಸ್ತ್ರಿ ಮಾಡಿದವಳು ನಾನು, ಅದು ಬೇರೆ ಮಾತು.

ವರ್ಷ ಮುಗಿದ ಮೇಲೆ ಕರೆದು, "ಎರಡರಲ್ಲೂ ಇರುವ ಹಾಗಿಲ್ಲ, ಒಂದನ್ನು ಬಿಟ್ಟೆ ಅಂತ ಬರೆದುಕೊಡು" ಎಂದರು. ನಿಯಮ ಇರುವುದು ನಿಜವೇ. ಎನ್‌ಸಿಸಿ ಕೆಡೆಟ್‌ಗಳು ಸ್ವಯಂಸೇವಕರಾಗುವಂತಿಲ್ಲ ಎಂದು ಎನ್‌ಎಸ್‌ಎಸ್ ಕೈಪಿಡಿಯಲ್ಲೇ ಇದೆ. ಕಾರಣವೂ ಅರ್ಥವಾಗುತ್ತದೆ. ಎನ್‌ಎಸ್‌ಎಸ್‌ಗೆ ಎರಡು ವರ್ಷದಲ್ಲಿ 240 ಗಂಟೆ ಕೆಲಸ, ಜೊತೆಗೆ ಕ್ಯಾಂಪ್. ಎನ್‌ಸಿಸಿಯ 'ಸಿ' ಸರ್ಟಿಫಿಕೇಟಿಗೆ ಪರೇಡ್ ಹಾಜರಿ, ಕ್ಯಾಂಪ್, ಪರೀಕ್ಷೆ. ಎರಡನ್ನೂ ಹೊತ್ತುಕೊಂಡರೆ ಓದುವುದು ಯಾವಾಗ? ಆದರೆ ಈ ಮಾತನ್ನು ಮೊದಲ ದಿನ ಹೇಳಬೇಕಿತ್ತು, ಅಲ್ವಾ?

ನನ್ನ ಅಣ್ಣನ ಮಗಳು ಅಮೆರಿಕದಲ್ಲಿ ಓದುತ್ತಾಳೆ. ಫೋನಿನಲ್ಲಿ ಈ ಗೋಳು ಹೇಳಿಕೊಂಡರೆ, "ಅತ್ತೆ, ಇಲ್ಲಿ ಸೊರೊರಿಟಿಗಳದ್ದೂ ಇದೇ ಕಥೆ" ಎಂದಳು. ಸೊರೊರಿಟಿ ಎಂದರೆ ಗ್ರೀಕ್ ಅಕ್ಷರಗಳ ಹೆಸರಿಟ್ಟುಕೊಂಡ ಹುಡುಗಿಯರ ಸಂಘ. ಹುಡುಗರದ್ದಾದರೆ ಫ್ರಾಟರ್ನಿಟಿ. 1902ರಲ್ಲಿ ಶುರುವಾದ ನ್ಯಾಷನಲ್ ಪ್ಯಾನ್‌ಹೆಲೆನಿಕ್ ಕಾನ್ಫರೆನ್ಸ್ ಎಂಬ ಒಕ್ಕೂಟದ ಅಡಿಯಲ್ಲಿ ಇಂಥ ಹುಡುಗಿಯರ ಸಂಘಗಳು ಹಲವಾರಿವೆ. ಒಂದರಲ್ಲಿ ದೀಕ್ಷೆ ಆಯಿತೋ, ಒಕ್ಕೂಟದ ಉಳಿದೆಲ್ಲವುಗಳ ಬಾಗಿಲು ಮುಚ್ಚಿದ ಹಾಗೆ. ಕಾಲೇಜು ಬದಲಾಯಿಸಿದರೂ ಅಷ್ಟೇ. "ಮದುವೆಗಿಂತ ಬಿಗಿ ಇದೆಯಲ್ಲೇ" ಎಂದೆ, ನಕ್ಕಳು. ಓದಿನಲ್ಲಿ ಮುಂದಿರುವವರನ್ನು ಸೇರಿಸಿಕೊಳ್ಳುವ, 1776ರಷ್ಟು ಹಳೆಯ ಫೈ ಬೀಟಾ ಕಪ್ಪಾ ಥರದವು ಮಾತ್ರ ಬೇರೆ ಲೆಕ್ಕ. ಸೊರೊರಿಟಿಯಲ್ಲಿ ಇದ್ದುಕೊಂಡೇ ಅದರಲ್ಲೂ ಇರಬಹುದು.

ನನಗೆ ಹಿಡಿಸಿದ್ದು ಇನ್ನೊಂದು ವಿಷಯ. ಸೊರೊರಿಟಿಗೆ ಸೇರುವವರ ಆಯ್ಕೆಯ ಕೊನೆಯಲ್ಲಿ ಹುಡುಗಿ ಒಂದು ಒಪ್ಪಂದಕ್ಕೆ ಸಹಿ ಹಾಕುತ್ತಾಳೆ. ತಾನೇ ಹೆಸರು ಬರೆದುಕೊಟ್ಟ ಸಂಘ ಕರೆದಾಗ ಬೇಡ ಎಂದರೆ, ಮುಂದಿನ ವರ್ಷದ ಆಯ್ಕೆವರೆಗೆ ಆ ಕ್ಯಾಂಪಸ್ಸಿನಲ್ಲಿ ಬೇರೆಯದಕ್ಕೆ ಸೇರುವಂತಿಲ್ಲ. ಕಟ್ಟುನಿಟ್ಟು ಜಾಸ್ತಿಯೇ ಆಯಿತು. ಆದರೂ ಪೆನ್ನು ಹಿಡಿಯುವ ಮೊದಲೇ ಎಲ್ಲ ಗೊತ್ತಿರುತ್ತದೆ.

ನಮ್ಮ ಕಾಲೇಜುಗಳೂ ಫಾರಂ ಮೇಲೆ ಕನ್ನಡದಲ್ಲಿ ಒಂದು ಸಾಲು ಅಚ್ಚು ಹಾಕಿಸಲಿ. ಎನ್‌ಸಿಸಿ, ಎನ್‌ಎಸ್‌ಎಸ್ ನೋಡಿಕೊಳ್ಳುವ ಇಬ್ಬರು ಮೇಷ್ಟ್ರು ಕೂತು ಹೆಸರಿನ ಪಟ್ಟಿ ತಾಳೆ ನೋಡಿದರೆ ಒಂದು ಕಾಫಿ ಕುಡಿಯುವಷ್ಟು ಹೊತ್ತಿನ ಕೆಲಸ. ಬಿಡಲೇಬೇಕಾದ ಮಕ್ಕಳಿಗೆ ಅಲ್ಲಿವರೆಗೆ ಮಾಡಿದ ಗಂಟೆಗಳನ್ನಾದರೂ ಬರೆದುಕೊಡಲಿ. ನನ್ನ ಮಗಳಿಗೆ ಒಂದು ಚೀಟಿಯೂ ಸಿಗಲಿಲ್ಲ.

ಅವಳು ಎನ್‌ಸಿಸಿ ಉಳಿಸಿಕೊಂಡಳು. ಕೋಣಾರ್ಕದ ಚಕ್ರ ಇರುವ ಎನ್‌ಎಸ್‌ಎಸ್ ಬ್ಯಾಡ್ಜ್ ನನ್ನ ಹೊಲಿಗೆ ಮಿಷನ್ನಿನ ಡ್ರಾಯರ್‌ನಲ್ಲಿ ಸುಮ್ನೆ ಬಿದ್ದಿದೆ. ಬರುವ ವರ್ಷ ಚಿಕ್ಕವಳು ಅದೇ ಕಾಲೇಜಿಗೆ ಸೇರುತ್ತಾಳೆ. ಅವಳಿಗೂ ಎರಡೂ ಬೇಕಂತೆ.

– ಒಬ್ಬ ತಾಯಿ, ಕೆ.ಆರ್. ಪುರಂ, ಹಾಸನ