ಬರೀ ‘ವಾಕಿಂಗ್ ಮಾಡಿ’ ಅಂದರೆ ಹೇಗೆ?

ಮಾನ್ಯ ಸಂಪಾದಕರೇ,

ಮಂಡಿನೋವು ಅಂತ ವಯಸ್ಸಾದವರು ಫಿಸಿಯೋಥೆರಪಿಗೆ ಹೋದರೆ ಒಂದಷ್ಟು ದಿನ ಕರೆಂಟ್ ಕೊಡುತ್ತಾರೆ, ಮೇಣದ ಶಾಖ ಕೊಡುತ್ತಾರೆ, ಕೊನೆಗೆ ‘ದಿನಾ ಸ್ವಲ್ಪ ವಾಕಿಂಗ್ ಮಾಡಿ ಅಜ್ಜಿ’ ಅಂದು ಕಳಿಸುತ್ತಾರೆ. ಸ್ವಲ್ಪ ಅಂದರೆ ಎಷ್ಟು? ಬಿ.ಪಿ. ಮಾತ್ರೆಗೆ ಎಷ್ಟು ಮಿಲಿಗ್ರಾಂ, ಊಟಕ್ಕೆ ಮುಂಚೆಯೋ ಆಮೇಲೋ ಎಲ್ಲ ಬರೆದುಕೊಡ್ತಾರೆ ಅಲ್ವಾ, ವ್ಯಾಯಾಮಕ್ಕೂ ಹಾಗೇ ಚೀಟಿ ಬೇಕು.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲೇ ಲೆಕ್ಕ ಕೊಟ್ಟಿದೆ. 65 ದಾಟಿದವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಮಟ್ಟದ ಚಟುವಟಿಕೆ, ಕನಿಷ್ಠ 2 ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ, 3 ದಿನ ಬ್ಯಾಲೆನ್ಸ್‌ಗೆ ಒತ್ತು ಕೊಡುವ ವ್ಯಾಯಾಮ. ನಡಿಗೆ ಇದರಲ್ಲಿ ಒಂದು ಪಾಲು ಅಷ್ಟೇ.

ಅದೂ ನಮ್ಮ ಕಡೆ ಆಗಬೇಕಲ್ಲ! ಶಿವಮೊಗ್ಗದವರಿಗೆ ಗಾಂಧಿ ಪಾರ್ಕ್ ಇದೆ. ತೀರ್ಥಹಳ್ಳಿ, ಹೊಸನಗರದ ಒಂಟಿಮನೆಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಅಂಗಳಕ್ಕೆ ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರ) ಹಾಸಿಕೊಂಡು ಓಡಾಡುವ ಪರಿಸ್ಥಿತಿ. ಪಾಚಿ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ಕತೆ ಮುಗಿಯಿತು. ಇನ್ನು ‘ತೋಟ ಹತ್ತಿ ಇಳಿದವರಿಗೆ ಎಂಥ ವ್ಯಾಯಾಮ ಮಾರಾಯ್ರೆ’ ಅನ್ನುವವರು ಬೇರೆ. ಹತ್ತಿ ಇಳಿಯುವಷ್ಟು ದಿನ ಸರಿ. ಫಸಲನ್ನು ಚೇಣಿಗೆ (ಗುತ್ತಿಗೆಗೆ) ಕೊಟ್ಟು, ಮಕ್ಕಳು ಬೆಂಗಳೂರು ಸೇರಿದ ಮೇಲೆ ಅದೇ ಜನ ಜಗಲಿ ಬಿಟ್ಟು ಇಳಿಯುವುದಿಲ್ಲ, ತೊಡೆಯ ಬಲ ಬೇಗ ಕರಗುತ್ತದೆ, ಮಂಡಿನೋವೂ ಜಾಸ್ತಿಯಾಗುತ್ತದೆ.

ಹಾಗಾಗಿ ಫಿಸಿಯೋಥೆರಪಿಸ್ಟ್‌ಗಳಲ್ಲಿ ಕೇಳುವುದಿಷ್ಟು. ಮೊದಲು ಪರೀಕ್ಷೆ ಮಾಡಿ. ಕೈ ಊರದೆ ಕುರ್ಚಿಯಿಂದ 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರುತ್ತಾರೆ ನೋಡಿ, ಅದಕ್ಕೆ ಯಂತ್ರವೂ ಬೇಡ, ಖರ್ಚೂ ಇಲ್ಲ. ಆಮೇಲೆ ಅವರವರ ಮನೆ ಹೇಗಿದೆ ಕೇಳಿ ಬರೆಯಿರಿ: ಜಗಲಿ ಕಂಬ ಹಿಡಿದು ಹಿಮ್ಮಡಿ ಎತ್ತುವುದು 10 ಸಲ, ಎರಡು ಸುತ್ತು, ವಾರಕ್ಕೆ ಮೂರು ದಿನ, ಸುಲಭ ಅನ್ನಿಸಿದರೆ ಒಂದೇ ಕೈಯಲ್ಲಿ ಹಿಡಿಯಿರಿ, ಎದೆನೋವು ತಲೆಸುತ್ತು ಬಂದರೆ ನಿಲ್ಲಿಸಿ. ಹೀಗೆ. ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ. ಸುಮ್ನೆ ಪ್ರಿಂಟ್ ಹಾಕಿಟ್ಟ ಒಂದೇ ಹಾಳೆಯನ್ನು ಎಲ್ಲರಿಗೂ ಹಂಚಬೇಡಿ. ತಿಂಗಳಾದ ಮೇಲೆ ಮತ್ತೆ ನೋಡಿ ಡೋಸ್ ಏರಿಸಬೇಕು. ಸೊರಬ, ಸಾಗರದ ಒಳಗಿನ ಹಳ್ಳಿಗಳಿಂದ ಪದೇ ಪದೇ ಬಸ್ ಹತ್ತಿ ಬರುವುದು ಕಷ್ಟ, ಫೋನಿನಲ್ಲಿ ವಿಚಾರಿಸಿದರೂ ನಡೆಯುತ್ತದೆ.

– ಒಬ್ಬ ಓದುಗ, ತೀರ್ಥಹಳ್ಳಿ ತಾಲ್ಲೂಕು