ಚಾನೆಲ್ 16 ಖಾಲಿ ಇರಲಿ: ಕರಾವಳಿಯ ಮೂವರು ಸಂಸದರಿಗೆ ಬಹಿರಂಗ ಪತ್ರ

ಮಾನ್ಯ ಕೋಟ ಶ್ರೀನಿವಾಸ ಪೂಜಾರಿ, ಕ್ಯಾಪ್ಟನ್ ಬ್ರಿಜೇಶ್ ಚೌಟ ಮತ್ತು ವಿಶ್ವೇಶ್ವರ ಹೆಗಡೆ ಕಾಗೇರಿ ಅವರಿಗೆ,

ನಮಸ್ಕಾರ.

ನಾನು ಮಲ್ಪೆಯವಳು. ನಮ್ಮ ಮನೆಯ ಗಂಡಸರು ಆಳಸಮುದ್ರ ಬೋಟಿಗೆ ಹೋಗುವವರು. ಜೆಟ್ಟಿ, ಡೀಸೆಲ್ ಸಬ್ಸಿಡಿ, ಹೂಳೆತ್ತುವ ಕೆಲಸ ಅಂತ ನಿಮಗೆ ಎಷ್ಟೋ ಮನವಿಗಳು ಬರುತ್ತವೆ. ಬೋಟಿನ ವೈರ್‌ಲೆಸ್ ಬಗ್ಗೆ ಯಾರೂ ಜಾಸ್ತಿ ಬರೆಯುವುದಿಲ್ಲ. ಅದರಲ್ಲಿ ಅಪಾಯದ ಕರೆಗೆಂದು ಇರುವ ಚಾನೆಲ್ ಬೇರೆ ಮಾತಿನ ಗದ್ದಲದಿಂದ ತುಂಬಿಹೋಗಿದೆ, ಈ ಪತ್ರ ಅದರ ಬಗ್ಗೆ. ಮೂವರಿಗೂ ಸೇರಿಸಿ ಬರೆಯಲು ಕಾರಣ ಇದೆ. ಮಂಗಳೂರಿನ ಬೋಟು ಕಾರವಾರದ ಆಚೆ ಬಲೆ ಬಿಟ್ಟಿರುತ್ತದೆ, ಮಲ್ಪೆಯದ್ದು ಮಹಾರಾಷ್ಟ್ರದ ಕಡೆ ಇರುತ್ತದೆ. ಇದು ಒಂದು ಕ್ಷೇತ್ರದೊಳಗೆ ಮುಗಿಯುವ ವಿಷಯವಲ್ಲ.

ಕಡಲಲ್ಲಿ ಅಪಾಯ ಬಂದರೆ ಕೂಗಿ ಕರೆಯಲು ಬೋಟಿನ ವೈರ್‌ಲೆಸ್ ಆದ ವಿಎಚ್‌ಎಫ್ ಸೆಟ್‌ನಲ್ಲಿ ಚಾನೆಲ್ 16 ಇದೆ. 156.8 ಮೆಗಾಹರ್ಟ್ಸ್. ಜಗತ್ತಿನ ಎಲ್ಲ ಹಡಗುಗಳಿಗೂ ಅದೇ ಚಾನೆಲ್. ಅದರಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬಹುದು. ಇಬ್ಬರು ಒಟ್ಟಿಗೆ ಬಟನ್ ಒತ್ತಿದರೆ ಕೇಳುವವರಿಗೆ ಗರಗರ ಸದ್ದು, ಇಲ್ಲವೇ ಜೋರಾಗಿರುವವರ ಮಾತು ಮಾತ್ರ. ದೂರದಿಂದ ಕ್ಷೀಣವಾಗಿ ಬರುವ ಕರೆ ಅಡಿಯಲ್ಲಿ ಮುಚ್ಚಿಹೋಗುತ್ತದೆ. ಸಹಾಯ ಬೇಕಾದವನ ಕರೆಯೇ ಸಾಮಾನ್ಯವಾಗಿ ಕ್ಷೀಣವಾಗಿರುತ್ತದೆ. ಚೌಟ ಅವರು ಸೇನೆಯಲ್ಲಿ ಇದ್ದವರು, ವೈರ್‌ಲೆಸ್ ಶಿಸ್ತು ಅಂದರೇನು ಅಂತ ಅವರಿಗೆ ವಿವರಿಸಬೇಕಾಗಿಲ್ಲ.

ವಿಎಚ್‌ಎಫ್ ತರಂಗ ಹೆಚ್ಚುಕಡಿಮೆ ನೇರವಾಗಿ ಹೋಗುತ್ತದೆ. ಭೂಮಿ ಬಾಗಿರುವುದರಿಂದ ಆಂಟೆನಾ ಎಷ್ಟು ಎತ್ತರವೋ ಅಷ್ಟು ದೂರ ಕೇಳುತ್ತದೆ. ಎರಡೂ ಬೋಟಿನಲ್ಲಿ 5 ಮೀಟರ್ ಎತ್ತರಕ್ಕೆ ಆಂಟೆನಾ ಕಟ್ಟಿದರೆ ಸುಮಾರು 18 ಕಿಲೋಮೀಟರ್. ದಡದಲ್ಲಿ 100 ಮೀಟರ್ ಟವರ್ ಇದ್ದರೂ ಸುಮಾರು 50 ಕಿಲೋಮೀಟರ್. ಆಳಸಮುದ್ರ ಬೋಟುಗಳು ಅದಕ್ಕಿಂತ ಎಷ್ಟೋ ಆಚೆ ಇರುತ್ತವೆ. ಅಲ್ಲಿ ದಡಕ್ಕೆ ಕೇಳುವುದಿಲ್ಲ, ಹತ್ತಿರದ ಬೋಟಿಗೇ ಕೇಳಬೇಕು. ಆ ಬೋಟಿನ ತಾಂಡೇಲ (ಬೋಟು ನಡೆಸುವವನು) ಗದ್ದಲ ತಾಳಲಾರದೆ ವಾಲ್ಯೂಮ್ ಇಳಿಸಿದ್ದರೆ?

ವಾಲ್ಯೂಮ್ ಇಳಿಸುವುದು ನಿಜವಾಗಿ ನಡೆಯುತ್ತದೆ. ಚಾನೆಲ್ 16ರಲ್ಲಿ ಮೀನಿನ ರೇಟು, ಮನೆ ವಿಷಯ, ಹಾಡು ಎಲ್ಲ ಬರುತ್ತದೆ. ತುಳು, ಕೊಂಕಣಿ, ಮಲಯಾಳ, ಒಡಿಯಾ, ತಮಿಳು ಎಲ್ಲ ಕೇಳುತ್ತದೆ. ನಮ್ಮ ಹುಡುಗರನ್ನು ನಾನು ಬೈಯುವುದಿಲ್ಲ. ಹತ್ತು ದಿನ ನೀರಿನ ಮೇಲೆ ಇರುವವರಿಗೆ ಮಾತು ಬೇಕು. ಮಾತಿಗೆ ಯಾವ ಚಾನೆಲ್ ಅಂತ ಅವರಿಗೆ ಯಾರೂ ಹೇಳಿಕೊಟ್ಟಿಲ್ಲ, ಅಷ್ಟೇ. ಕೇರಳದವರು ಒಂದು ಚಾನೆಲ್ ಹಿಡಿದರೆ ನಮ್ಮವರು ಇನ್ನೊಂದು, ಗೋವಾದವರು ಮತ್ತೊಂದು. ಯಾರೂ ಒಟ್ಟಿಗೆ ಕುಳಿತು ಹಂಚಿಕೊಂಡಿಲ್ಲ.

ಇದರ ಮೇಲೆ ಅಗ್ಗದ ವಾಕಿಟಾಕಿಗಳು ಬಂದವು. ಇಂಥ ಎಷ್ಟೋ ಸೆಟ್‌ಗಳು 136ರಿಂದ 174 ಮೆಗಾಹರ್ಟ್ಸ್‌ವರೆಗೆ ಎಲ್ಲಿ ಬೇಕಾದರೂ ತಿರುಗುತ್ತವೆ. ಸಮುದ್ರದ ಚಾನೆಲ್‌ಗಳು ಇದರ ನಡುವೆಯೇ ಇವೆ. ದಡದಲ್ಲಿ ಕುಳಿತವನೂ ಗೊತ್ತಿಲ್ಲದೆ ಅಲ್ಲಿಗೆ ಬಂದು ಮಾತಾಡಬಹುದು. ಇಂಥ ಸೆಟ್‌ಗಳನ್ನು ಆನ್‌ಲೈನ್‌ನಲ್ಲಿ ಬೇಕಾಬಿಟ್ಟಿ ಮಾರುವುದನ್ನು ತಡೆಯಲು ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರಲ್ಲಿ ಮಾರ್ಗಸೂಚಿ ತಂದಿತು. ಒಳ್ಳೆಯದಾಯಿತು. ಆದರೆ ಈಗಾಗಲೇ ಬೋಟಿಗೆ ಹತ್ತಿರುವ ಸೆಟ್‌ಗಳ ಗತಿ?

ಕಡಲಿನದೇ ಒಂದು ಗುಣವೂ ಇದೆ. ಮಳೆಗಾಲಕ್ಕೆ ಮೊದಲು ಬಿಸಿ ಒಣಗಾಳಿ ತೇವದ ಗಾಳಿಯ ಮೇಲೆ ಕುಳಿತಾಗ ರೇಡಿಯೋ ತರಂಗ ಆ ಪದರದೊಳಗೆ ಸಿಕ್ಕಿ ನೂರಾರು ಕಿಲೋಮೀಟರ್ ಹೋಗುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಮುಂಬೈಯ ರಾಡಾರ್‌ಗೆ ಅರೇಬಿಯಾದ ಕರಾವಳಿ ಕಂಡಿತ್ತು. ಅಂಥ ದಿನ ಕೇರಳದ ಗದ್ದಲ ಮಲ್ಪೆಗೆ, ಮಲ್ಪೆಯದ್ದು ರತ್ನಾಗಿರಿಗೆ ತಲುಪಬಹುದು. ಒಂದು ರಾಜ್ಯ ಒಂದೇ ಸರಿಮಾಡಿಕೊಂಡರೆ ಸಾಲದು ಅನ್ನುವುದು ಅದಕ್ಕೇ.

ಇನ್ನೊಂದು ತೊಂದರೆ ಬೋಟಿನ ಒಳಗೇ ಇದೆ. ಡೆಕ್ಕಿಗೆ ಹಾಕುವ ಅಗ್ಗದ ಎಲ್‌ಇಡಿ ದೀಪ, ಚಾರ್ಜರ್, ಇನ್ವರ್ಟರ್‌ಗಳು ರೇಡಿಯೋಗೆ ಸದ್ದು ತುಂಬುತ್ತವೆ. (ನಿಷೇಧವಾಗಿರುವ ಬೆಳಕು ಮೀನುಗಾರಿಕೆಯ ಮಾತಲ್ಲ ಇದು, ಮಾಮೂಲಿ ದೀಪದ್ದು.) ಅಮೆರಿಕದ ಕೋಸ್ಟ್ ಗಾರ್ಡ್ 2018ರಲ್ಲೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಪರೀಕ್ಷೆ ಬಹಳ ಸುಲಭ. ಯಾರೂ ಮಾತಾಡದ ಚಾನೆಲ್‌ಗೆ ಹೋಗಿ. ಸ್ಕ್ವೆಲ್ಚ್ (ಸೆಟ್‌ನ ಗರಗರ ಸದ್ದು ತಡೆಯುವ ಗುಂಡಿ) ತಿರುಗಿಸುತ್ತಾ ಸದ್ದು ನಿಂತ ಜಾಗದಲ್ಲಿ ಬಿಡಿ. ಈಗ ದೀಪ ಹಾಕಿ. ಸದ್ದು ಮತ್ತೆ ಬಂದರೆ ತಪ್ಪು ದೀಪದ್ದು. ಈ ಎರಡು ನಿಮಿಷದ ಕೆಲಸವನ್ನು ನಮ್ಮ ಬಂದರಿನಲ್ಲಿ ಯಾರಾದರೂ ತೋರಿಸಿಕೊಟ್ಟಿದ್ದಾರಾ?

ದೂರು ಕೊಡಬಹುದಲ್ಲ ಎನ್ನುತ್ತೀರಿ. ನಮ್ಮ ಪಕ್ಕದ ಬೋಟಿನವರು ಕೊಡಲು ಹೋದರು. ಒಂದು ಕಚೇರಿಯಲ್ಲಿ, ಇದು ನಮ್ಮದಲ್ಲ, ದೆಹಲಿಗೆ ಬರೆಯಿರಿ ಎಂದರು. ಇನ್ನೊಂದರಲ್ಲಿ ಮೊದಲ ಪ್ರಶ್ನೆಯೇ, ನಿಮ್ಮ ಸೆಟ್‌ಗೆ ಲೈಸೆನ್ಸ್ ಇದೆಯಾ? ಅವರು ಸುಮ್ನೆ ವಾಪಸ್ ಬಂದರು. ಆಮೇಲೆ ಬಂದರಿನ ದಕ್ಕೆಯಲ್ಲಿ ಬೇರೆ ಯಾರೂ ಹೋಗಲಿಲ್ಲ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ತೊಂದರೆ ಇದೇ. ಕಾಗದ ಇಲ್ಲದವನು ದೂರು ಕೊಡುವುದಿಲ್ಲ. ದೂರು ಇಲ್ಲದಿದ್ದರೆ ಸರ್ಕಾರದ ಲೆಕ್ಕದಲ್ಲಿ ಗದ್ದಲವೇ ಇಲ್ಲ.

ಅಧಿಕಾರವೂ ಚೂರುಚೂರಾಗಿದೆ. ವೈರ್‌ಲೆಸ್ ಕೇಂದ್ರದ ಪಟ್ಟಿಯಲ್ಲಿದೆ, ಅದನ್ನು ನೋಡುವುದು ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ. ಮೀನುಗಾರಿಕೆ 12 ನಾಟಿಕಲ್ ಮೈಲಿವರೆಗೆ ರಾಜ್ಯದ್ದು, ಆಚೆ ಕೇಂದ್ರದ್ದು. ಕೋಸ್ಟ್ ಗಾರ್ಡ್ ರಕ್ಷಣಾ ಸಚಿವಾಲಯದ ಕೆಳಗೆ, ಕರಾವಳಿ ಕಾವಲು ಪೊಲೀಸ್ ರಾಜ್ಯದ ಗೃಹ ಇಲಾಖೆಯ ಕೆಳಗೆ. ಇವರನ್ನೆಲ್ಲ ಒಂದು ಮೇಜಿಗೆ ಕರೆಯುವ ಶಕ್ತಿ ಸಂಸದರಿಗೆ ಇದೆ, ತಾಂಡೇಲನಿಗೆ ಇಲ್ಲ.

ಸುವರ್ಣ ತ್ರಿಭುಜ ಬೋಟು ನಿಮಗೆ ನೆನಪಿದೆ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟಿತು, ಏಳು ಜನರಿದ್ದರು. ಅವಶೇಷ ನೌಕಾಪಡೆಗೆ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ, ಮಹಾರಾಷ್ಟ್ರದ ಮಾಲ್ವಣ್ ಹತ್ತಿರದ ಕಡಲಲ್ಲಿ. ಅದಕ್ಕೆ ರೇಡಿಯೋ ಗದ್ದಲ ಕಾರಣ ಎಂದು ನಾನು ಹೇಳುತ್ತಿಲ್ಲ. ನಮ್ಮ ಬೋಟಿನ ಕರೆ ಬೇರೆ ರಾಜ್ಯದ ನೀರಿನಲ್ಲೂ ಕೇಳಿಸಬೇಕು ಎನ್ನುತ್ತಿದ್ದೇನೆ.

ಈಗ ಇಸ್ರೋದ ಟ್ರಾನ್ಸ್‌ಪಾಂಡರ್ ಬರುತ್ತಿದೆಯಲ್ಲ ಎಂದು ಅಧಿಕಾರಿಗಳು ಹೇಳಬಹುದು. ಒಂದು ಲಕ್ಷ ಬೋಟಿಗೆ ಕೊಡುವ ಯೋಜನೆ 2024ರಲ್ಲಿ ಶುರುವಾಯಿತು. ಬಹಳ ಉಪಕಾರವಾಗಿದೆ, ಎಲ್ಲರಿಗೂ ಬೇಗ ಸಿಗಲಿ. ಆದರೆ ಅದರ ಸಂದೇಶ ಉಪಗ್ರಹದ ಮೂಲಕ ದಡದ ಕೇಂದ್ರಕ್ಕೆ ಹೋಗುತ್ತದೆ. ಎರಡು ಮೈಲಿ ಆಚೆ ಇರುವ ಬೋಟಿನವನನ್ನು ಆ ಕ್ಷಣವೇ ಕರೆಯಲು ಬಾಯಿಮಾತಿನ ಸೆಟ್ಟೇ ಬೇಕು. ಮೊದಲು ತಲುಪುವವನು ಅವನೇ.

ಜೂನ್ 1ರಿಂದ ಜುಲೈ 31ರವರೆಗೆ ಎಲ್ಲ ಯಾಂತ್ರಿಕ ಬೋಟುಗಳು ಬಂದರಿನಲ್ಲೇ ಇರುತ್ತವೆ. ಪ್ರತಿ ಬೋಟಿನ ಸೆಟ್, ಆಂಟೆನಾ, ದೀಪ ನೋಡಲು ಇದಕ್ಕಿಂತ ಒಳ್ಳೆಯ ಸಮಯ ಇಲ್ಲ. ಈ ಎರಡು ತಿಂಗಳು ಬಂದರಿನಲ್ಲೇ ಶಿಬಿರ ನಡೆಯಲಿ. ಕಾಗದ ಇಲ್ಲದವರು ದಂಡ, ಕೇಸು ಇಲ್ಲದೆ ಸೆಟ್ ತೋರಿಸಿ ಲೈಸೆನ್ಸ್ ಮಾಡಿಸಿಕೊಳ್ಳಲು ಒಂದು ಸಲ ಅವಕಾಶ ಕೊಡಿಸಿ. ಇದಕ್ಕೆ ಸಂಪರ್ಕ ಸಚಿವರ ಹತ್ತಿರ ಮೂವರೂ ಒಟ್ಟಿಗೆ ಹೋಗಬೇಕು. ಮಾತಿನ ಚಾನೆಲ್ ಯಾವುದು ಎಂದು ಕೇರಳ, ಗೋವಾ, ಮಹಾರಾಷ್ಟ್ರದ ಸಂಸದರ ಜೊತೆ ಕುಳಿತು ತೀರ್ಮಾನ ಮಾಡಿಸಿ. ದೂರು ಬರೆದುಕೊಳ್ಳಲು ಮಲ್ಪೆ, ಮಂಗಳೂರು, ಕಾರವಾರದಲ್ಲಿ ಕನ್ನಡ ಗೊತ್ತಿರುವ ಒಬ್ಬೊಬ್ಬರು ಸಾಕು. ಯಾವ ದಿನ, ಎಷ್ಟು ಹೊತ್ತು, ಯಾವ ಚಾನೆಲ್, ಎಲ್ಲಿ ಇದ್ದಾಗ ಅಂತ ಬರೆದುಕೊಂಡರೆ ಗದ್ದಲ ಎಲ್ಲಿಂದ ಬರುತ್ತದೆ ಎಂದು ದೂರಸಂಪರ್ಕ ಇಲಾಖೆಯ ನಿಗಾ ಕೇಂದ್ರದವರು ಹುಡುಕಬಲ್ಲರು. ಅವರ ಕೆಲಸವೇ ಅದು.

ಪೂಜಾರಿಯವರೇ, ನೀವು ಮೀನುಗಾರಿಕೆ ಸಚಿವರಾಗಿದ್ದವರು, ಮೊದಲ ಸಭೆ ನೀವೇ ಕರೆಯಬೇಕು ಎಂದು ನನ್ನ ವಿನಂತಿ. ಮೇ ತಿಂಗಳೊಳಗೆ ಆಗಲಿ, ಮಲ್ಪೆಯಲ್ಲೇ ಆಗಲಿ. ದಿನ ಗೊತ್ತಾದರೆ ತಾಂಡೇಲರನ್ನು ಕರೆತರುವ ಕೆಲಸ ನಮ್ಮದು.

ಇತಿ,
ಮಲ್ಪೆಯ ಮೀನುಗಾರ ಕುಟುಂಬದ ಒಬ್ಬ ಹೆಣ್ಣುಮಗಳು